ಚರ್ಚ್ ಬೋರ್ಡಿನ ‘ಬೆನಿಫಿಸ್’ ಅಂದರೆ ನಮ್ಮ ಉಂಬಳಿ

ಇಂಗ್ಲೆಂಡಿನ ಹಳ್ಳಿ ಕಡೆ ಮನೆ ಮಾಡಿದವರು ಒಮ್ಮೆ ಚರ್ಚಿನ ಬೋರ್ಡ್ ಓದಿ ನೋಡಿ. ಮೂರ್ನಾಲ್ಕು ಊರುಗಳ ಹೆಸರು ಸಾಲಾಗಿ ಬರೆದು, ಕೊನೆಗೆ ‘ಬೆನಿಫಿಸ್’ ಅಂತ ಹಾಕಿರುತ್ತಾರೆ. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಉಪಕಾರ. ಚರ್ಚಿನವರಿಗೆ ಅದು ಪಾದ್ರಿಯ ಹುದ್ದೆ, ಜೊತೆಗೆ ಆ ಹುದ್ದೆಗೆ ಅಂಟಿಕೊಂಡು ಬಂದ ಆದಾಯ. ಹಳೆ ಆಡುಮಾತಲ್ಲಿ ‘ಲಿವಿಂಗ್’.

ನನಗಂತೂ ಇದು ಅರ್ಥವಾದದ್ದು ಉಂಬಳಿ ನೆನಪಾದಾಗ. ಉಣ್ಣುವುದಕ್ಕೆ ಅಂತ ಬಿಟ್ಟುಕೊಟ್ಟ ಭೂಮಿ, ಅಲ್ವಾ? ಕೆಥೆಡ್ರಲ್‌ಗಳ ‘ಪ್ರೆಬೆಂಡ್’, ಅಂದರೆ ಅಲ್ಲಿನ ಪಾದ್ರಿಗೆ ಬಿಟ್ಟುಕೊಟ್ಟ ಆದಾಯ ಅಥವಾ ಭೂಮಿ, ಅನ್ನುವ ಪದದಲ್ಲೂ ಊಟದ ವಾಸನೆ ಇದೆ. ‘ಕೊಡಬೇಕಾದದ್ದು’ ಎಂಬ ಲ್ಯಾಟಿನ್ ಮಾತಿನಿಂದ ಅದು ಹುಟ್ಟಿತು, ದನ ಕುದುರೆಗಳ ಮೇವಿಗೆ ಇಂಗ್ಲಿಷಿನಲ್ಲಿ ಹೇಳುವ ‘ಪ್ರಾವೆಂಡರ್’ ಕೂಡ ಅದೇ ಬೇರಿನದು. ಲಂಡನ್ನಿನ ಟಾಟನಮ್ ಕೋರ್ಟ್ ರೋಡಿಗೆ ಹೆಸರು ಕೊಟ್ಟ ಹಳೆಯ ಜಹಗೀರು ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಒಂದು ಪ್ರೆಬೆಂಡ್ ಆಗಿತ್ತು!

ಮೊದಲು ಊರಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. ಅದೇ ‘ಟೈದ್’. ಸಾಮಾನ್ಯವಾಗಿ ದವಸದ ದೊಡ್ಡ ಪಾಲು ರೆಕ್ಟರ್‌ಗೆ, ಅಂದರೆ ಆ ಚರ್ಚಿನ ಮೂಲ ಹಕ್ಕುದಾರರಿಗೆ (ಅದು ಒಂದು ಮಠವೂ ಆಗಿರಬಹುದಿತ್ತು), ಉಳಿದ ಸಣ್ಣಪುಟ್ಟದ್ದು ಅವರ ಪರವಾಗಿ ಪೂಜೆ ನಡೆಸುವ ಪಾದ್ರಿಯಾದ ವಿಕಾರ್‌ಗೆ. 1836ರ ಕಾನೂನು ಅದನ್ನು ಹಣಕ್ಕೆ ತಿರುಗಿಸಿತು. ಈಗ ಪಾದ್ರಿಗೆ ಸ್ಟೈಪೆಂಡ್, ಅಂದರೆ ಜೀವನಕ್ಕೆ ಭತ್ಯೆ, ಬರುತ್ತದೆ. ನಮ್ಮ ಮುಜರಾಯಿ ಅರ್ಚಕರ ತಸ್ತೀಕಿನ ಹಾಗೆ ಸರ್ಕಾರ ಕೊಡುವುದಲ್ಲ, ಚರ್ಚೇ ಕೊಡುತ್ತದೆ. ನಮ್ಮ ತೆರಿಗೆಯಿಂದ ಹೋಗುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ.

ಇನ್ನು ‘ಪೇಟ್ರನ್’. ಪಾದ್ರಿಯನ್ನು ಆರಿಸಿ ಬಿಷಪ್ಪರ ಮುಂದೆ ಹೆಸರಿಡುವ ಹಕ್ಕು ಇವರದು, ಆ ಹಕ್ಕಿಗೆ ‘ಅಡ್ವೌಜನ್’ ಅಂತಾರೆ. ಚರ್ಚ್ ಕಟ್ಟಿಸಿದ ಜಮೀನ್ದಾರರಿಂದ ಶುರುವಾದದ್ದು, ಇವತ್ತಿಗೂ ಅರಸೊತ್ತಿಗೆ, ಬಿಷಪ್ಪರು, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಕಾಲೇಜುಗಳು, ಕೆಲವು ಮನೆತನಗಳ ಕೈಯಲ್ಲಿದೆ. ಹಿಂದೆ ಇದನ್ನು ಆಸ್ತಿಯಂತೆ ಕೊಂಡು ಮಾರುತ್ತಿದ್ದರು, ಹರಾಜೂ ಆಗುತ್ತಿತ್ತು. ದೇವರ ಸೇವೆಯ ಜಾಗಕ್ಕೆ ಬೆಲೆ ಕಟ್ಟುವುದು ನನಗೆ ತುಂಬಾ ಬೇಜಾರಿನ ವಿಷಯ. 1986ರ ಕಾನೂನು ಆ ಮಾರಾಟ ನಿಲ್ಲಿಸಿತು.

ಮನೆ ಕೊಳ್ಳುವವರಿಗೆ ಇದು ಜಾಸ್ತಿ ಮುಖ್ಯ. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿದಾಗ ಅವುಗಳ ಟೈದ್ ಹಕ್ಕು, ಭೂಮಿ ಖಾಸಗಿಯವರಿಗೆ ಹೋಯಿತು, ಜೊತೆಗೆ ಚರ್ಚಿನ ಪೂಜಾಭಾಗ, ಅಂದರೆ ‘ಚಾನ್ಸೆಲ್’ ರಿಪೇರಿ ಮಾಡಿಸುವ ಹೊಣೆಯೂ ಅವರಿಗೇ ಹೋಯಿತು. ಅದು ಕೆಲವು ಜಮೀನುಗಳ ಮೇಲೆ ಇನ್ನೂ ಕೂತಿದೆ. ಹಾಗಾಗಿ ಸಾಲಿಸಿಟರ್ ಕಳಿಸುವ ಬಿಲ್ಲಿನಲ್ಲಿ ‘ಚಾನ್ಸೆಲ್ ಸರ್ಚ್’, ಅಂದರೆ ಈ ಹೊಣೆ ಇದೆಯಾ ಅನ್ನುವ ತಪಾಸಣೆ, ಅಂತ ಒಂದು ಸಾಲು ಕಂಡರೆ ದಂಡದ ಖರ್ಚು ಅಂದುಕೊಂಡು ತೆಗೆಸಬೇಡಿ. 2013ರ ಅಕ್ಟೋಬರ್ 13ರಿಂದ ಈ ಹೊಣೆಯನ್ನು ಭೂದಾಖಲೆಯಲ್ಲಿ ನೋಂದಾಯಿಸುವ ನಿಯಮ ಬಿಗಿಯಾಗಿದೆ, ಆದರೂ ನೀವು ನೋಡಿರುವ ಮನೆಯ ದಾಖಲೆಯಲ್ಲಿ ಇದು ಬರೆದಿದೆಯಾ ಅಂತ ಸಹಿ ಹಾಕುವ ಮೊದಲೇ ಕೇಳಿ.