ಬೆಳ್ಳಿ ಉಂಗುರಕ್ಕೆ ಗೆರೆ ಕಾಣದ ಹಾಗೆ ಬೆಸುಗೆ ಹಾಕೋದು ಹೇಗೆ

ಚಿನ್ನ ಬೆಳ್ಳಿ ಕೆಲಸ ಕಲಿಯೋಕೆ ಕೂತವರು ಮೊದಲು ಮಾಡೋದು ಸಾದಾ ಉಂಗುರ. ಕಲ್ಲಿಲ್ಲ, ಕೆತ್ತನೆ ಇಲ್ಲ, ಇರೋದು ಒಂದೇ ಜಾಯಿಂಟ್, ಆದ್ರೆ ಸತಾಯಿಸೋದೂ ಅದೇ. ಚಿನ್ನ ಮುಟ್ಟೋ ಮುಂಚೆ ಶೇಕಡಾ 92.5 ಬೆಳ್ಳಿಯಲ್ಲಿ (ಉಳಿದದ್ದು ಹೆಚ್ಚಾಗಿ ತಾಮ್ರ) ಕೈ ಪಳಗಿಸ್ಕೊಳ್ಳಿ.

ಮೊದಲು ಅಳತೆ. ಉಂಗುರದ ಒಳವ್ಯಾಸಕ್ಕೆ ಬೆಳ್ಳಿ ಪಟ್ಟಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿ. ಒಳವ್ಯಾಸ 17 ಮಿಮೀ, ದಪ್ಪ 1.5 ಮಿಮೀ ಅಂದ್ರೆ 18.5 × 3.14, ಸುಮಾರು 58 ಮಿಮೀ ಪಟ್ಟಿ ಬೇಕು. ದಪ್ಪ ಕೂಡಿಸೋದು ಬಿಟ್ರೆ ಉಂಗುರ ಬಿಗಿಯಾಗತ್ತೆ. ಕತ್ತರಿಸುವಾಗ ಗರಗಸದ ಹಲ್ಲು ಹಿಡಿಯ ಕಡೆಗಿರಲಿ, ಒತ್ತಬೇಡಿ, ಒತ್ತಿದ್ರೆ ಬ್ಲೇಡ್ ಪಟ್ ಅಂತ ಹೋಗತ್ತೆ.

ಬಗ್ಗಿಸೋ ಮುಂಚೆ ಪಟ್ಟಿನ ಕಾಯಿಸಿ ಮೆದು ಮಾಡ್ಕೊಳ್ಳಿ. ಲೈಟ್ ಸ್ವಲ್ಪ ಕಮ್ಮಿ ಮಾಡಿದ್ರೆ ಬೆಳ್ಳಿ ಮಂಕು ಕೆಂಪಿಗೆ ತಿರುಗೋದು ಕಾಣತ್ತೆ, ಅಷ್ಟೇ ಸಾಕು, ಕೆಂಪು ಆರಿದ ಮೇಲೆ ನೀರಿಗೆ ಹಾಕಿ.

ಈಗ ಅಸಲಿ ಕೆಲಸ. ಬೆಸುಗೆ ಅನ್ನೋದು ಸಂದು ತುಂಬೋ ಗಾರೆ ಅಲ್ಲ, ಎರಡು ತುದಿ ಒಂದಕ್ಕೊಂದು ಅಂಟಿ ಕೂತಿದ್ರೆ ಮಾತ್ರ ಅದು ನಡುವೆ ಸರ್ರ್ ಅಂತ ಹರಿಯತ್ತೆ. ಬಗ್ಗಿಸಿದ ಉಂಗುರವನ್ನ ಬೆಳಕಿಗೆ ಹಿಡೀರಿ, ಜಾಯಿಂಟಲ್ಲಿ ಕೂದಲಷ್ಟು ಬೆಳಕು ಕಂಡ್ರೂ ಬೆಂಕಿ ಹಚ್ಚಬೇಡಿ. ಎರಡು ತುದಿ ಮುಟ್ಟಿಸಿ, ಸಂದಿನ ಮಧ್ಯಕ್ಕೇ ಒಂದ್ಸಲ ಗರಗಸ ಎಳೀರಿ, ಎರಡೂ ಮುಖ ಸಮ ಆಗತ್ತೆ. ಆಮೇಲೆ ತುದಿಗಳನ್ನ ಒಂದನ್ನೊಂದು ದಾಟಿಸಿ ಒಳಗೆ ಒತ್ತಿ ವಾಪಸ್ ಎಳೆದು ಕೂರಿಸಿದ್ರೆ ಸ್ಪ್ರಿಂಗ್ ಥರ ಬಿಗಿಯಾಗಿ ನಿಲ್ಲತ್ತೆ. ಉಂಗುರ ಸೊಟ್ಟಗಿದ್ರೆ ಇರಲಿ ಬಿಡಿ, ಗುಂಡಗೆ ಮಾಡೋದು ಆಮೇಲಿನ ಮಾತು.

ಜಾಯಿಂಟಿಗೆ ಬಿಳಿಗಾರ (ಬೋರಾಕ್ಸ್) ಹಚ್ಚಿ, ಕೆಳಗೆ ಅಥವಾ ಮೇಲೆ ಒಂದು ಚಿಕ್ಕ ಸೋಲ್ಡರ್ (ಉಂಗುರಕ್ಕಿಂತ ಬೇಗ ಕರಗೋ ಬೆಸುಗೆ ಲೋಹ) ತುಣುಕು ಇಡಿ. ಕ್ಯಾಡ್ಮಿಯಂ ಇರೋ ಸೋಲ್ಡರ್ ಬೇಡ, ಹೊಗೆ ವಿಷ, ಯಾವ ಸೋಲ್ಡರ್ ಆದ್ರೂ ಕಿಟಕಿ ತೆರೆದೇ ಇರಲಿ. ಎಲ್ಲರೂ ಉರಿಯನ್ನ ನೇರ ತುಣುಕಿನ ಮೇಲೇ ಹಿಡೀತಾರೆ, ಅದು ಉಂಡೆ ಕಟ್ಕೊಂಡು ಅಲ್ಲೇ ಕೂರತ್ತೆ. ಉರಿಯನ್ನ ಇಡೀ ಉಂಗುರದ ಸುತ್ತ ಆಡಿಸ್ತಾ ಇರಿ. ಬಿಳಿಗಾರ ಮೊದಲು ಬೆಳ್ಳಗೆ ಉಬ್ಬತ್ತೆ (ತುಣುಕು ಜಾರೋದು ಇಲ್ಲೇ, ಚಿಮಟದಲ್ಲಿ ಮೆಲ್ಲಗೆ ತಳ್ಳಿ ಸರಿ ಮಾಡಿ), ಆಮೇಲೆ ಗಾಜಿನ ಹಾಗೆ ತಿಳಿಯಾಗತ್ತೆ, ಅಂದ್ರೆ ಹೊತ್ತು ಹತ್ರ ಬಂತು ಅಂತ. ಈಗ ಜಾಯಿಂಟಿನ ಎರಡೂ ಬದಿ ಸಮ ಬಿಸಿ ಕೊಡಿ, ಯಾಕಂದ್ರೆ ಸೋಲ್ಡರ್ ಬಿಸಿ ಹೆಚ್ಚಿರೋ ಕಡೆಗೇ ಓಡೋದು, ಒಂದು ಬದಿ ತಣ್ಣಗಿದ್ರೆ ಇನ್ನೊಂದರ ಮೇಲೇ ಹರಡಿ ಕೂರತ್ತೆ. ಸಂದಿನುದ್ದಕ್ಕೆ ಪಾದರಸದಂಥ ಹೊಳೆಯೋ ಗೆರೆ ಓಡಿದ್ದು ಕಂಡ ಕ್ಷಣಕ್ಕೆ ಉರಿ ತೆಗೀರಿ. ಇನ್ನೂ ಸ್ವಲ್ಪ ಅಂತ ಹಿಡಿದ್ರೆ ಉಂಗುರವೇ ಕರಗಿ ಹೋಗ್ಬಹುದು.

ತಣ್ಣಗಾದ ಮೇಲೆ ಬೆಚ್ಚಗಿನ ಸಿಟ್ರಿಕ್ ಆಸಿಡ್ ನೀರಲ್ಲಿ ಹಾಕಿಡಿ, ಕಪ್ಪು, ಬಿಳಿಗಾರದ ಗಾಜು ಎಲ್ಲ ಬಿಡತ್ತೆ. ಅದಕ್ಕೆ ಕಬ್ಬಿಣದ ಚಿಮಟ ಅದ್ದಬೇಡಿ, ನೀರಲ್ಲಿರೋ ತಾಮ್ರ ಬೆಳ್ಳಿ ಮೇಲೆ ಕೂತು ಉಂಗುರ ಗುಲಾಬಿ ಬಣ್ಣ ಆಗತ್ತೆ. ತಾಮ್ರದ್ದೋ ಪ್ಲಾಸ್ಟಿಕ್‌ದೋ ಬಳಸಿ.

ಇನ್ನು ಉಕ್ಕಿನ ಕೋಲಿಗೆ ಏರಿಸಿ ಮರದ ಸುತ್ತಿಗೆಯಲ್ಲಿ ತಟ್ಟಿ ಗುಂಡಗೆ ಮಾಡಿ. ಕೋಲು ಒಂದು ಕಡೆ ದಪ್ಪ ಇರೋದ್ರಿಂದ ಆಗಾಗ ಉಂಗುರ ತಿರುಗಿಸಿ ಹಾಕಿ. ಅರದಲ್ಲಿ ಹೆಚ್ಚಿನ ಸೋಲ್ಡರ್ ಉಜ್ಜಿ, 400, 600, 1000 ನಂಬರ್ ಹೀಗೆ ಸ್ಯಾಂಡ್‌ಪೇಪರ್, ಪ್ರತಿ ಸಲ ಉಜ್ಜೋ ದಿಕ್ಕು ಬದಲಿಸಿ, ಹಿಂದಿನ ಗೀರು ಹೋಯ್ತಾ ಇಲ್ವಾ ಅಂತ ಗೊತ್ತಾಗತ್ತೆ.

ಚಿನ್ನಕ್ಕೂ ಹೆಚ್ಚುಕಮ್ಮಿ ಇದೇ ದಾರಿ, ಸೋಲ್ಡರ್ ಮಾತ್ರ ಆ ಕ್ಯಾರೆಟ್ಟಿಗೆ ಹೊಂದೋದೇ ತಗೊಳ್ಳಿ. ಚಿನ್ನದ ಪುಡಿಗೆ ಬೇರೆ ಡಬ್ಬಿ ಇಡಿ, ಸೀಸದ ಒಂದು ಚೂರು ಸೇರಿ ಕಾದ್ರೂ ಚಿನ್ನದಲ್ಲಿ ತೂತು ಬೀಳತ್ತೆ.