ಫೋಮ್ ಟ್ರೈಲರಿಗೆ ಕ್ಯಾನ್ವಾಸ್ ಹೊದಿಕೆ: ನನ್ನ ಅನುಭವ

ನಮ್ಮ ಕಾರು ಎಳೆಯಬಲ್ಲ ತೂಕ 1500 ಪೌಂಡ್, ಅಂದರೆ ಸುಮಾರು 680 ಕೆಜಿ. ಕಾರಿನ ಹಿಂದೆ ಎಳೆದೊಯ್ದು ಒಳಗೆ ಮಲಗುವ ಕ್ಯಾಂಪಿಂಗ್ ಟ್ರೈಲರುಗಳಲ್ಲಿ, ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಖಾಲಿ ಇರುವಾಗಲೇ ಇದನ್ನು ದಾಟುತ್ತವೆ. ಅದಕ್ಕೇ ಅಮೆರಿಕದ ಡೆನ್ವರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಫೋಮ್ ಟ್ರೈಲರ್ ಕಟ್ಟಲು ಶುರು ಮಾಡಿದೆ. ಕೆಳಗೆ 4 ಅಡಿ ಅಗಲ, 8 ಅಡಿ ಉದ್ದದ ಸಣ್ಣ ಚಾಸಿ, ಅಂದರೆ ಚಕ್ರವಿರುವ ಚೌಕಟ್ಟು. ಅದರ ಮೇಲೆ 2 ಇಂಚು ದಪ್ಪದ ಗುಲಾಬಿ ಬಣ್ಣದ ಫೋಮ್ ಹಲಗೆಗಳ ಪೆಟ್ಟಿಗೆ. ಎಕ್ಸ್‌ಪಿಎಸ್ ಅಂತ ಕರೆಯುವ ಈ ಹಲಗೆಯನ್ನು ಇಲ್ಲಿನ ಮನೆಗಳ ಗೋಡೆಗೆ, ನೆಲಮಾಳಿಗೆಗೆ ಚಳಿ ತಡೆಯಲು ಹಾಕುತ್ತಾರೆ. 4 ಅಡಿಗೆ 8 ಅಡಿಯ ಇಡೀ ಹಲಗೆ ಮೂರೂವರೆ ಕೆಜಿ ಆಸುಪಾಸು. ಒಂದೇ ಕೈಯಲ್ಲಿ ಎತ್ತಬಹುದು.

ಪೆಟ್ಟಿಗೆ ಕಟ್ಟುವುದರಲ್ಲಿ ಕಷ್ಟ ಏನಿಲ್ಲ. ತಲೆ ಓಡಿಸಬೇಕಾದದ್ದು ಹೊದಿಕೆಯ ವಿಷಯದಲ್ಲಿ. ಬರಿಮೈ ಫೋಮ್ ಬಿಸಿಲಿಗೆ ಬಿದ್ದರೆ ಕೆಲವೇ ವಾರಗಳಲ್ಲಿ ಹಳದಿಯಾಗಿ ಪುಡಿ ಬಿಡುತ್ತದೆ. ಉಗುರಿನಲ್ಲಿ ಒತ್ತಿದರೂ ಗುಳಿ ಬೀಳುತ್ತದೆ. ಇನ್ನೂ ಮುಖ್ಯ ಕಾರಣ ಒಂದಿದೆ. ಟ್ರೈಲರಿನ ಬಲ ಇರುವುದೇ ಹೊದಿಕೆಯಲ್ಲಿ. ಒಳಗೊಂದು ಗಟ್ಟಿ ಪದರ, ಹೊರಗೊಂದು ಗಟ್ಟಿ ಪದರ, ನಡುವೆ ಫೋಮ್. ಗಾಳಿ ನೂಕಿದಾಗ, ರಸ್ತೆ ಕುಲುಕಿದಾಗ ಬರುವ ಎಳೆತ, ಒತ್ತಡ ಎಲ್ಲವನ್ನೂ ಆ ಎರಡು ಪದರಗಳು ಹೊರುತ್ತವೆ. ಫೋಮ್ ಅವನ್ನು ದೂರ ದೂರ ಹಿಡಿದಿಡುತ್ತದೆ, ಅಷ್ಟೆ. ಹಾಗಾಗಿ ಹೊದಿಕೆ ಎಲ್ಲ ಕಡೆಯೂ ಫೋಮಿಗೆ ಅಂಟಿಕೊಂಡೇ ಇರಬೇಕು. ಎಲ್ಲಿ ಬಿಟ್ಟುಕೊಂಡಿತೋ ಅಲ್ಲಿ ಬಲವೂ ಹೋಯಿತು.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಡೆನ್ವರ್ ಸಮುದ್ರಮಟ್ಟದಿಂದ 1600 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತದೆ. ಹಗಲಿಗೂ ರಾತ್ರಿಗೂ ಸೆಕೆ, ಚಳಿಯ ಅಂತರ ದೊಡ್ಡದು. ವಸಂತ, ಬೇಸಿಗೆಯಲ್ಲಿ ಆಲಿಕಲ್ಲು ಮಳೆ ಸಾಮಾನ್ಯ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದ ಹಾಗೆ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಸಿಂಪಡಿಸುತ್ತಾರೆ. ಲೋಹಕ್ಕೆ ಅದು ಒಳ್ಳೆಯದಲ್ಲ.

ಮೊದಲು ಅಲ್ಯುಮಿನಿಯಂ ಶೀಟ್ ಬಗ್ಗೆ ಯೋಚಿಸಿದೆ. ನೋಡಲು ಚೆಂದ, ಕೊಳೆಯುವುದಿಲ್ಲ, ತೊಳೆದರೆ ಹೊಸದು. ಆದರೆ ಫೋಮ್ ಜೊತೆ ಹೊಂದಿಕೆ ಕಷ್ಟ. 50 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ 8 ಅಡಿಯ ಫೋಮ್ ಹಲಗೆ ಲೆಕ್ಕದ ಪ್ರಕಾರ ಏಳೆಂಟು ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯುಮಿನಿಯಂ ಹಿಗ್ಗುವುದು ಮೂರು ಮಿಲಿಮೀಟರಿಗೂ ಕಡಿಮೆ. ಎರಡನ್ನೂ ಗಟ್ಟಿಯಾಗಿ ಅಂಟಿಸಿದರೆ ದಿನಾ ಒಂದು ಇನ್ನೊಂದನ್ನು ಎಳೆದಾಡುತ್ತದೆ. ಶೀಟ್ ಉಬ್ಬಿ ತಗ್ಗುತ್ತದೆ, ಟಕ್ ಟಕ್ ಅಂತ ಸದ್ದು ಮಾಡುತ್ತದೆ, ಕೊನೆಗೆ ಅಂಟು ಬಿಡುತ್ತದೆ. ಶೀಟನ್ನು ಮರದ ಚೌಕಟ್ಟಿಗೆ ಹೊಡೆಯುವ ಟ್ರೈಲರುಗಳಲ್ಲಿ ಸ್ಕ್ರೂ ಜಾಗದಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಅಲ್ಲಿ ಅಲ್ಯುಮಿನಿಯಂ ಸರಿಯಾದದ್ದೇ. ಬರೀ ಫೋಮಿನ ಮೇಲೆ ನಾನಂತೂ ಹಾಕುವುದಿಲ್ಲ.

ಎರಡನೆಯದು ಫೈಬರ್‌ಗ್ಲಾಸ್. ಗಾಜಿನ ನೂಲಿನ ಬಟ್ಟೆ, ಅದರ ಮೇಲೆ ರೆಸಿನ್, ಅಂದರೆ ಹಚ್ಚಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಅಂಟುದ್ರವ. ಬಲದಲ್ಲಿ ಇದಕ್ಕೆ ಸಾಟಿ ಇಲ್ಲ. ಒಂದು ಎಚ್ಚರಿಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ದೋಣಿಗೆ, ಕಾರಿನ ಬಾಡಿಗೆ ಬಳಸುವ ಅಗ್ಗದ ಪಾಲಿಯೆಸ್ಟರ್ ರೆಸಿನ್ ಈ ಫೋಮಿಗೆ ತಾಗಬಾರದು. ಅದರಲ್ಲಿ ಸ್ಟೈರೀನ್ ಇರುತ್ತದೆ, ಅದು ಪಾಲಿಸ್ಟೈರೀನಿನಿಂದ ಮಾಡಿದ ಈ ಫೋಮನ್ನು ಕರಗಿಸಿಬಿಡುತ್ತದೆ. ಸ್ಪ್ರೇ ಡಬ್ಬಿಯ ಬಣ್ಣ, ಅಸಿಟೋನ್, ಪೆಟ್ರೋಲ್ ಕೂಡ ಹಾಗೇ. ರೆಸಿನ್‌ಗಳಲ್ಲಿ ಎಪಾಕ್ಸಿ ಅನ್ನುವುದು ಮಾತ್ರ ಸುರಕ್ಷಿತ. ಆದರೆ ಎಪಾಕ್ಸಿಗೆ ದುಡ್ಡು ಜಾಸ್ತಿ. ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹತ್ತುತ್ತದೆ, ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಬಿಸಿಲಿಗೆ ಅದೂ ಹಾಳಾಗುತ್ತದೆ, ಮೇಲೆ ಬಣ್ಣ ಬೇಕೇ ಬೇಕು. ಪಶ್ಚಿಮ ತೀರದ ವಾಷಿಂಗ್ಟನ್, ಆರೆಗಾನ್ ರಾಜ್ಯಗಳ ಕಡೆಯ ಹಾಗೆ ತಿಂಗಳುಗಟ್ಟಲೆ ಜಿಟಿಜಿಟಿ ಮಳೆ ಹಿಡಿಯುವ ಊರಿನಲ್ಲಿದ್ದಿದ್ದರೆ ನಾನೂ ಇದನ್ನೇ ಆರಿಸುತ್ತಿದ್ದೆ.

ಮೂರನೆಯದು ಹತ್ತಿಯ ಕ್ಯಾನ್ವಾಸ್, ಮರಗೆಲಸದ ಅಂಟು, ಮನೆಗೆ ಹೊಡೆಯುವ ಬಣ್ಣ. ಟ್ರೈಲರ್ ಕಟ್ಟುವವರು ಇದನ್ನು ಬಡವರ ಫೈಬರ್‌ಗ್ಲಾಸ್ ಅಂತಾರೆ. ಬಟ್ಟೆಯ ಮಾತು ಎತ್ತಿದ ಕೂಡಲೇ ನನ್ನ ಹೆಂಡತಿ, "ಬಟ್ಟೆ ಹೊದ್ದಿಸಿದ ಡಬ್ಬೀಲಿ ಆಲಿಕಲ್ಲಿನ ಕೆಳಗೆ ಮಲಗೋದಾ ರೀ?" ಅಂದಳು. ನ್ಯಾಯವಾದ ಪ್ರಶ್ನೆ. ಆದರೆ ಈ ವಿದ್ಯೆ ಹಳೆಯದು. ಅಮೆರಿಕದ ಮೇಯ್ನ್ ರಾಜ್ಯದಲ್ಲಿ 19ನೇ ಶತಮಾನದ ಕೊನೆಯಿಂದಲೂ ತೆಳು ಮರದ ದೋಣಿಗಳಿಗೆ ಕ್ಯಾನ್ವಾಸ್ ಎಳೆದು, ನೂಲಿನ ಸಂದು ತುಂಬಿ, ಬಣ್ಣ ಹೊಡೆದು ನದಿಗೆ ಇಳಿಸುತ್ತಿದ್ದರು. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಲ್ಲೂ ಇದೇ ತತ್ವ ಇದೆ, ಅಲ್ವಾ? ಒಳಗೆ ಹಗುರ ಮರ, ಅದರ ಮೇಲೆ ಹುಣಸೆಬೀಜದ ಅಂಟಿನಲ್ಲಿ ಕೂರಿಸಿದ ಹತ್ತಿಬಟ್ಟೆಯ ತುಂಡು, ಆಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ.

ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಪರೀಕ್ಷೆ ಮಾಡೋಣ ಅಂತ ಒಂದೊಂದು ಅಡಿ ಚೌಕದ ಫೋಮ್ ತುಂಡುಗಳಿಗೆ ಬೇರೆ ಬೇರೆ ಹೊದಿಕೆ ಹಾಕಿ ಹಿತ್ತಲಿನ ಶೆಡ್ಡಿನ ಚಾವಣಿ ಮೇಲೆ ಕೂರಿಸಿದೆ. ಒಂದು ತುಂಡು ಬರಿಮೈ. ಚಳಿಗಾಲ ಕಳೆಯಿತು. ಬೇಸಿಗೆಯ ಮೊದಲಿಗೆ ದೊಡ್ಡ ಗೋಲಿಯಷ್ಟು ದಪ್ಪದ ಆಲಿಕಲ್ಲು ಬಿತ್ತು. ನಿಂತ ಮೇಲೆ ಏಣಿ ಹತ್ತಿ ನೋಡಿದೆವು. ಬರಿಮೈ ತುಂಡಿನ ತುಂಬ ಗುಳಿ, ಬೆರಳಿಟ್ಟರೆ ಹಳದಿ ಪುಡಿ. ಅಲ್ಯುಮಿನಿಯಂ ತುಂಡಿನಲ್ಲಿ ಎಣಿಸಲಾಗದಷ್ಟು ಸಣ್ಣ ತಗ್ಗುಗಳು. ಹಿಂದೆ ಇರುವುದು ಮೆತ್ತನೆ ಫೋಮ್, ತಡೆಯುವವರು ಯಾರು? ಒಂದು ಪದರದ ಫೈಬರ್‌ಗ್ಲಾಸಿನಲ್ಲಿ ಏಟು ಬಿದ್ದ ಕಡೆ ಬಿಳಿಯ ನಕ್ಷತ್ರದಂಥ ಬಿರುಕು. ಕ್ಯಾನ್ವಾಸಿನ ತುಂಡಿನಲ್ಲಿ ಓರೆ ಬೆಳಕಿಗೆ ಹಿಡಿದರಷ್ಟೇ ಕಾಣುವ ಆಳವಿಲ್ಲದ ತಗ್ಗು. ಎಲ್ಲಿಯೂ ಹರಿದಿರಲಿಲ್ಲ, ಬಣ್ಣ ಒಡೆದಿರಲಿಲ್ಲ. ಅಂಚಿನಲ್ಲಿ ಉಗುರು ಹಾಕಿ ಕಿತ್ತು ನೋಡಿದೆ. ಅಂಟು ಬಿಡಲಿಲ್ಲ, ಫೋಮೇ ಚಕ್ಕೆಯಾಗಿ ಕಿತ್ತು ಬಂತು. ಬೆಸುಗೆ ಸರಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಡ. ಹೆಂಡತಿಯೂ ಒಪ್ಪಿದಳು.

ತೂಕದಲ್ಲೂ ಲಾಭ. ನನ್ನ ಪೆಟ್ಟಿಗೆಯ ಹೊರಮೈ ಸುಮಾರು 128 ಚದರ ಅಡಿ. 0.8 ಮಿಲಿಮೀಟರ್ ಅಲ್ಯುಮಿನಿಯಂ ಆದರೆ 57 ಪೌಂಡ್ ಹತ್ತಿರ. ಕ್ಯಾನ್ವಾಸ್ ಬರೀ 9 ಪೌಂಡ್. ಒಣಗಿದ ಅಂಟು, ಬಣ್ಣ ಸೇರಿಸಿದರೂ ಅಲ್ಯುಮಿನಿಯಮ್ಮಿನ ಅರ್ಧ.

ಇನ್ನು ಕೆಲಸದ ಮಾತು. ಪೇಂಟರುಗಳು ನೆಲಕ್ಕೆ ಹಾಸುವ ಹತ್ತಿಯ ಕ್ಯಾನ್ವಾಸ್ ತಂದೆ. ನಡುವೆ ಹೊಲಿಗೆ ಇಲ್ಲದ್ದನ್ನೇ ಹುಡುಕಿ ತರಬೇಕು, ಹೊಲಿಗೆಯ ಏಣು ಬಣ್ಣದ ಕೆಳಗೂ ಎದ್ದು ಕಾಣುತ್ತದೆ. ಬಿಸಿನೀರಿನಲ್ಲಿ ಒಗೆದು, ಡ್ರೈಯರಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದೆ. ಗಂಜಿ ಹೋದರೆ ಅಂಟು ಚೆನ್ನಾಗಿ ಹೀರುತ್ತದೆ, ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ.

ಫೋಮಿನ ಮೈ ಕಾರ್ಖಾನೆಯಿಂದ ಬರುವಾಗ ನುಣ್ಣಗೆ ಮಿರಮಿರ ಅನ್ನುತ್ತದೆ. ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. 60ನೇ ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಆ ಹೊಳಪು ಪೂರ್ತಿ ಹೋಗುವವರೆಗೂ ಉಜ್ಜಿದೆ. ಗೋಡೆಯ ಹಳೆ ವಾಲ್‌ಪೇಪರಿಗೆ ತೂತು ಹೊಡೆಯುವ ಮುಳ್ಳುಚಕ್ರವನ್ನು ಎಲ್ಲ ಕಡೆ ಓಡಿಸಿದೆ. ಅಂಟು ಆ ತೂತುಗಳಿಗಿಳಿದು ಬೇರು ಬಿಟ್ಟಂತೆ ಹಿಡಿಯುತ್ತದೆ. ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆದೆ. ಅಂಚುಗಳನ್ನೆಲ್ಲ ಗುಂಡಗೆ ಮಾಡಿದೆ. ಚೂಪು ಮೂಲೆಯಲ್ಲಿ ಬಟ್ಟೆ ಕೂರುವುದಿಲ್ಲ, ಏಟು ಮೊದಲು ಬೀಳುವುದೂ ಅಲ್ಲೇ. ಸ್ಕ್ರೂ ಬರುವ ಕಡೆ ಫೋಮ್ ಕೊರೆದು ಮರದ ಪಟ್ಟಿ ಕೂರಿಸಿದ್ದೆ, ಫೋಮ್ ಸ್ಕ್ರೂ ಹಿಡಿಯುವುದಿಲ್ಲವಲ್ಲ.

ಅಂಟಿಗೆ ಬಳಸಿದ್ದು ಟೈಟ್‌ಬಾಂಡ್ 2 ಅನ್ನುವ ಮರಗೆಲಸದ ಅಂಟು. ಅದರಲ್ಲಿರುವ ದ್ರವ ನೀರು, ಹಾಗಾಗಿ ಫೋಮಿಗೆ ಅಪಾಯ ಇಲ್ಲ. ಫೋಮ್ ನೀರನ್ನು ಹೀರುವುದಿಲ್ಲ, ಒಣಗಲು ದಾರಿ ಬಟ್ಟೆಯ ಕಡೆಯಿಂದ ಮಾತ್ರ. ಇದೇ ಅಂಟಿನಲ್ಲಿ ಅಲ್ಯುಮಿನಿಯಂ ಹಚ್ಚಿದರೆ ನಡುವೆ ಹಸಿಯಾಗಿಯೇ ಕೂತಿರುತ್ತದೆ. ಹವೆ 13 ಡಿಗ್ರಿಗಿಂತ ತಣ್ಣಗಿದ್ದರೆ ಈ ಅಂಟು ಸರಿಯಾಗಿ ಕಟ್ಟುವುದಿಲ್ಲ. ಇಲ್ಲಿನ ಒಣ ಗಾಳಿಯಲ್ಲಿ ಬಿಸಿಲೇರಿದರೆ ರೋಲರ್ ಎಳೆಯುವಷ್ಟರಲ್ಲೇ ಕೆನೆಗಟ್ಟುತ್ತದೆ. ಅದಕ್ಕೆ ಬೇಸಿಗೆಯ ಬೆಳಗ್ಗೆ, ಗ್ಯಾರೇಜಿನ ನೆರಳಿನಲ್ಲಿ, ಇಬ್ಬರೂ ಸೇರಿ ಮಾಡಿದೆವು.

ಒಬ್ಬರು ಎರಡಡಿ ಅಗಲದಷ್ಟು ಜಾಗಕ್ಕೆ ರೋಲರಿನಲ್ಲಿ ಅಂಟು ಹಚ್ಚುವುದು, ಇನ್ನೊಬ್ಬರು ಸುರುಳಿಯಿಂದ ಬಟ್ಟೆ ಬಿಚ್ಚುತ್ತಾ ಅಂಗೈಯಲ್ಲಿ ನಡುವಿನಿಂದ ಹೊರಕ್ಕೆ ನೀವುವುದು. ಬಟ್ಟೆಗೆ ಮೊದಲೇ ನೀರು ಸಿಂಪಡಿಸಿ ತೇವ ಮಾಡಿದ್ದೆ. ಅಂಟು ಕೆಳಗಿನಿಂದ ಏರಿ ಬಂದ ಕಡೆ ಬಟ್ಟೆ ಕೆನೆಬಣ್ಣದಿಂದ ಹಳದಿಗೆ ತಿರುಗುತ್ತದೆ. ತಿರುಗದೆ ಬಿಳಿಚಿಕೊಂಡ ಚುಕ್ಕೆ ಕಂಡರೆ ಅಲ್ಲಿ ಗಾಳಿ ಇದೆ ಅಂತ ಅರ್ಥ. ಎತ್ತಿ, ಮತ್ತೆ ಹಚ್ಚಿ, ನೀವಿ ಕೂರಿಸಬೇಕು. ಹಸಿ ಇರುವಾಗಲೇ ಮೇಲಿನಿಂದಲೂ ಒಂದು ಕೋಟ್ ಅಂಟು. ಮರುದಿನ ಬೆಳಗ್ಗೆ ತಟ್ಟಿದರೆ ಡೋಲಿನ ಹಾಗೆ ಬಿಗಿ.

ಬಟ್ಟೆಯ ಜೋಡುಗಳನ್ನು ಮೊದಲೇ ಯೋಚಿಸಿ ಇಡಬೇಕು. ಅಕ್ಕಪಕ್ಕದ ಗೋಡೆಗಳಿಗೆ ಮೊದಲು, ಮೂರು ಇಂಚು ಚಾವಣಿಗೆ ಮಡಚಿ. ಹಿಂದಿನ ಗೋಡೆಗೆ ಆಮೇಲೆ. ಚಾವಣಿಯ ಬಟ್ಟೆ ಇವೆಲ್ಲದರ ಮೇಲೆ ಬರಬೇಕು. ಮುಂದಿನ ಗೋಡೆಯ ಬಟ್ಟೆ ಎಲ್ಲಕ್ಕಿಂತ ಕೊನೆಗೆ, ಚಾವಣಿಯ ಬಟ್ಟೆಯ ಮೇಲೆ ಹತ್ತಬೇಕು. ಆಗ ಅದರ ಅಂಚು ಹಿಂದಕ್ಕೆ ಮುಖ ಮಾಡುತ್ತದೆ, ಹೈವೇಯ ಗಾಳಿ ಅದನ್ನು ಎಬ್ಬಿಸಲಾಗದು. ಮಳೆ ನೀರು ಒಳಗಿಳಿಯಬಾರದು ಅಂತ ಚಾವಣಿಯನ್ನೇ ಹಿಂದಕ್ಕೆ ಇಳಿಜಾರು ಮಾಡಿದ್ದೆ. ಕಿಟಕಿ, ಬಾಗಿಲಿನ ಕಂಡಿಗಳಲ್ಲಿ ಬಟ್ಟೆಯನ್ನು ಫೋಮಿನ ದಪ್ಪದ ಮೇಲೂ ಒಳಕ್ಕೆ ಮಡಚಿ ಅಂಟಿಸಿ, ಬಣ್ಣ ಹೊಡೆದ ನಂತರವೇ ಫ್ರೇಮ್ ಕೂರಿಸಿದೆ, ನಡುವೆ ಬ್ಯೂಟೈಲ್ ಟೇಪ್, ಅಂದರೆ ನೀರು ತಡೆಯುವ ಮೆತ್ತನೆ ಅಂಟುಪಟ್ಟಿ. ಸಿಲಿಕೋನ್ ಬೇಡ. ಅದು ತಾಗಿದ ಕಡೆ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಬಣ್ಣ ಹೊರಗೋಡೆಯ ಅಕ್ರಿಲಿಕ್. ಮೊದಲ ಕೋಟಿಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ, ನೂಲಿನ ಸಂದಿಗೆ ಇಳಿಯಲಿ ಅಂತ. ಆಮೇಲೆ ಮೂರು ದಪ್ಪ ಕೋಟ್. ಬಿಳಿಯೇ ಬೇಕು ಅಂತ ಹಟ ಹಿಡಿದೆ. ಈ ಫೋಮ್ ತಡೆಯುವುದು ಸುಮಾರು 74 ಡಿಗ್ರಿ ಸೆಲ್ಸಿಯಸ್‌ವರೆಗೆ. ಅಂಟು ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಬೇಸಿಗೆಯ ನೆತ್ತಿ ಬಿಸಿಲಿನಲ್ಲಿ ಕಪ್ಪು ಅಥವಾ ಕಡುಹಸಿರು ಬಣ್ಣದ ಮೈ ಆ ಮಟ್ಟಕ್ಕೆ ಹೋಗಿಬಿಡಬಹುದು.

ಒಂದು ಕಡೆ ಮಾತ್ರ ಕ್ಯಾನ್ವಾಸನ್ನು ನಂಬಲಿಲ್ಲ. ಮುಂಭಾಗದ ಕೆಳಗಿನ ಒಂದೂವರೆ ಅಡಿ, ಚಕ್ರದ ಹಿಂದು ಮುಂದು, ತಳದ ಅಂಚು. ಕಾರಿನ ಟೈರು ಎಸೆಯುವ ಜಲ್ಲಿಯೆಲ್ಲ ಅಲ್ಲೇ ಹೊಡೆಯುತ್ತದೆ, ಕೆಸರು ನಿಲ್ಲುವುದೂ ಅಲ್ಲೇ. ಹತ್ತಿಗೆ ಶತ್ರು ಅಂದರೆ ನಿಂತ ನೀರು. ಬಣ್ಣ ಒಡೆದು ಒಳಗೆ ತೇವ ಕೂತರೆ ಬಟ್ಟೆ ಕೊಳೆಯುತ್ತದೆ. ಅಷ್ಟು ಭಾಗಕ್ಕೆ ಎರಡು ಪದರ ಗಾಜಿನ ಬಟ್ಟೆ, ಎಪಾಕ್ಸಿ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ಗ್ಯಾರೇಜಿನ ಬಾಗಿಲು ತೆರೆದಿಟ್ಟು ಮಾಡಿದೆ. ಗಟ್ಟಿಯಾದ ಮೇಲೆ ನೀರಿನಲ್ಲಿ ತೊಳೆದು, ಉಜ್ಜಿ, ಮೇಲಿನ ಕ್ಯಾನ್ವಾಸಿನ ಅಂಚನ್ನು ಅದರ ಮೇಲೆ ಇಳಿಸಿದೆ. ಪಿಕಪ್ ಟ್ರಕ್ಕಿನ ತೊಟ್ಟಿಗೆ ಬಳಿಯುವ ದಪ್ಪ ಲೇಪವನ್ನು ಇಡೀ ಟ್ರೈಲರಿಗೆ ಹಚ್ಚುವವರಿದ್ದಾರೆ. ಬಟ್ಟೆಯ ಮೇಲೆ ಹಚ್ಚಿದರೆ ಒಳ್ಳೆಯದೇ. ಬರಿಮೈ ಫೋಮಿಗೆ ಹಚ್ಚುವ ಮುಂಚೆ ಒಂದು ಚೂರಿನ ಮೇಲೆ ಹಾಕಿ ನೋಡಿ, ಕೆಲವದರಲ್ಲಿ ಫೋಮ್ ಕರಗಿಸುವ ದ್ರಾವಕ ಇರುತ್ತದೆ.

ನಮ್ಮ ಕೊಲರಾಡೊ ರಾಜ್ಯದಲ್ಲೇ ಇರುವ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ಮರಳುದಿಬ್ಬಗಳ ಕಡೆ ಹೋಗಿದ್ದಾಗ ಒಂದು ಒಣಗಿದ ಜೂನಿಪರ್ ಕೊಂಬೆ ಪಕ್ಕದ ಗೋಡೆಯನ್ನು ಗೀರಿತು. ಗೇಣುದ್ದ ಹರಿಯಿತು, ಗುಲಾಬಿ ಫೋಮ್ ಕಂಡಿತು. ಟ್ರೈಲರಿನಲ್ಲಿ ಯಾವಾಗಲೂ ಒಂದು ಸಣ್ಣ ಬಾಟಲಿ ಅಂಟು, ಒಗೆದ ಕ್ಯಾನ್ವಾಸ್ ತುಂಡು, ಅದೇ ಬಣ್ಣದ ಡಬ್ಬಿ ಇಟ್ಟಿರುತ್ತೇನೆ. ಜೋತಾಡುವ ನೂಲು ಕತ್ತರಿಸಿ, ಸುತ್ತಲಿನ ಬಣ್ಣ ಉಜ್ಜಿ, ತುಂಡು ಕೂರಿಸಿದೆ. ಸಂಜೆಗೆ ಬಣ್ಣವೂ ಆಯಿತು. ಅಲ್ಯುಮಿನಿಯಂ ಆಗಿದ್ದರೆ ಇಡೀ ಶೀಟ್ ಬದಲಿಸಬೇಕಿತ್ತು. ನನಗೆ ಬಾಳಿಕೆ ಅಂದರೆ ಇದು, ದಾರಿಯಲ್ಲಿ ಕೂತು ನಾನೇ ಸರಿ ಮಾಡಿಕೊಳ್ಳುವ ಹಾಗಿರಬೇಕು.

ಪ್ರತಿ ವಸಂತದಲ್ಲಿ ಹೊರಡುವ ಮುಂಚೆ ಮೂರು ಜಾಗ ನೋಡುತ್ತೇನೆ: ಚಾವಣಿಯ ಜೋಡು, ಕಿಟಕಿಯ ಕೆಳ ಅಂಚು, ಎಪಾಕ್ಸಿಯ ಮೇಲೆ ಕ್ಯಾನ್ವಾಸ್ ಇಳಿಯುವ ಗೆರೆ. ಕೂದಲೆಳೆಯ ಬಿರುಕು ಕಂಡರೂ ಅವತ್ತೇ ಬಣ್ಣ ತಾಗಿಸುತ್ತೇನೆ. ಚಾವಣಿಗೆ ಬಿಸಿಲು ಜಾಸ್ತಿ, ಬಣ್ಣ ಅಲ್ಲಿ ಬೇಗ ತೆಳುವಾಗುತ್ತದೆ. ಕೈ ಸವರಿದಾಗ ಸುಣ್ಣದಂಥ ಪುಡಿ ಹತ್ತಿದರೆ ಇನ್ನೊಂದು ಕೋಟಿಗೆ ಸಮಯ ಬಂತು ಅಂತ ಲೆಕ್ಕ.