ಪೋಸ್ಟ್ ಕೆಳಗೆ ಜಗಳ ಶುರುವಾದ್ರೆ ಏನ್ ಮಾಡ್ಬೇಕು

ಕಷ್ಟಪಟ್ಟು ಉದ್ದಕ್ಕೆ ಬರೆದು ಹಾಕಿರ್ತೀರಿ, ಯಾರೋ ಬಂದು ಮೊದಲನೇ ಸಾಲು ಮಾತ್ರ ಓದಿ ಜಗಳ ತೆಗೀತಾರೆ, ಮೈಯೆಲ್ಲಾ ಉರಿಯುತ್ತೆ, ಅದು ಸಹಜಾನೇ. ಆದ್ರೆ ಆ ಸಿಟ್ಟಲ್ಲೇ ರಿಪ್ಲೈ ಹಾಕ್ಬೇಡಿ. ಬೇಕಾದ್ರೆ ಬೇರೆ ಕಡೆ ಬರ್ದಿಟ್ಕೊಳ್ಳಿ, ಒಂದು ರಾತ್ರಿ ಕಳೀಲಿ, ಬೆಳಿಗ್ಗೆ ಓದಿದ್ರೆ ಅರ್ಧಕ್ಕರ್ಧ ನೀವೇ ಅಳಿಸ್ತೀರಿ.

ಆಮೇಲೆ ನೋಡ್ಬೇಕಾದ್ದು, ಅವ್ರು ಬೈತಿರೋದು ಬರಹಾನಾ ನಿಮ್ಮನ್ನಾ ಅಂತ. ಬರಹದಲ್ಲಿ ತಪ್ಪು ತೋರ್ಸಿದ್ರೆ ಥ್ಯಾಂಕ್ಸ್ ಹೇಳಿ ತಿದ್ದಿ, ಏನು ತಿದ್ದಿದ್ರಿ ಅಂತಾನೂ ಕೆಳಗೆ ಹಾಕಿ, ಹೇಳದೇ ಬದಲಾಯಿಸಿದ್ರೆ ಅದಕ್ಕೇ ಇನ್ನೊಂದು ಜಗಳ ಶುರುವಾಗುತ್ತೆ. ನಿಮ್ಮನ್ನೇ ಬೈತಿದ್ರೆ ಒಂದ್ಸಲ ಶಾಂತವಾಗಿ ಉತ್ತರ ಕೊಟ್ಟು ನಿಲ್ಸಿ. ಆನ್‌ಲೈನ್ ವಾದ ಉದ್ದ ಆದಷ್ಟೂ ಯಾರನ್ನಾದ್ರೂ ಹಿಟ್ಲರ್‌ಗೆ ಹೋಲಿಸೋ ಸಾಧ್ಯತೆ ಜಾಸ್ತಿ ಆಗುತ್ತೆ ಅಂತ ಅಮೆರಿಕದ ವಕೀಲ ಮೈಕ್ ಗಾಡ್ವಿನ್ 1990ರಲ್ಲೇ ಹೇಳಿದ್ರು, ಇವತ್ತಿಗೂ ಅದೇ ನಡೀತಿದೆ.

ಬ್ಲಾಕ್ ಮಾಡೋದು ಹೇಡಿತನ ಅಂತಾರೆ, ನಾನಂತೂ ಒಪ್ಪಲ್ಲ. ಬ್ಲಾಕ್ ಬೇಡ ಅನ್ಸಿದ್ರೆ ಇನ್‌ಸ್ಟಾಗ್ರಾಮ್‌ನಲ್ಲಿ ರಿಸ್ಟ್ರಿಕ್ಟ್ ಇದೆ, ಅವರ ಹೊಸ ಕಾಮೆಂಟ್ ನೀವು ಒಪ್ಪೋವರೆಗೂ ಬೇರೆಯವರಿಗೆ ಕಾಣಲ್ಲ. ಬೆದರಿಕೆ ಹಾಕಿದ್ರೆ ಮಾತ್ರ ಮೊದಲು ಸ್ಕ್ರೀನ್‌ಶಾಟ್ ಮತ್ತೆ ಲಿಂಕ್ ಎತ್ತಿಟ್ಕೊಳ್ಳಿ, ಆಮೇಲೆ ರಿಪೋರ್ಟ್, ಕೊನೇಗೆ ಬ್ಲಾಕ್, ಯಾಕಂದ್ರೆ ಬ್ಲಾಕ್ ಮಾಡಿದ್ಮೇಲೆ ಆ ಕಾಮೆಂಟ್ ನಿಮಗೆ ಸಿಗದೇ ಹೋಗ್ಬಹುದು.

ಬೇಜಾರಾಗಿ ಅಕೌಂಟೇ ಡಿಲೀಟ್ ಮಾಡೋಣ ಅನ್ಸಿದ್ರೆ, ಬರೆದಿದ್ದನ್ನೆಲ್ಲಾ ಮೊದಲು ಡೌನ್‌ಲೋಡ್ ಮಾಡ್ಕೊಳ್ಳಿ. ಜಗಳ ಇಲ್ದಿದ್ರೂ ಮಾಡ್ಕೊಳ್ಳಿ, ಫೇಸ್‌ಬುಕ್ ಥರದ್ದೇ ಆಗಿದ್ದ ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿಹೋದ್ವಲ್ಲ. ಫೇಸ್‌ಬುಕ್‌ನಲ್ಲಿ ಸೆಟ್ಟಿಂಗ್ಸ್ ಒಳಗೇ ಇದಕ್ಕೆ ಆಪ್ಷನ್ ಇದೆ, ಫೈಲ್ ರೆಡಿಯಾಗೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ, ಅಲ್ಲೀವರೆಗೂ ಡಿಲೀಟ್ ಒತ್ಬೇಡಿ.